ಹಿನ್ನೀರು, ಸವಳು ನೀರು, ಅಳಿವೆ ನೀರು: ಉಪ್ಪು ಸಿಹಿ ಬೆರೆತ ನೀರಿಗೆ ಯಾವ ಪದ?

ಗೆಳೆಯರೇ,

ಒಂದು ಪದಕ್ಕಾಗಿ ನಿಮ್ಮ ನೆರವು ಬೇಕು. ಕರಾವಳಿಯ ಶಾಲೆ ಮಕ್ಕಳಿಗಾಗಿ ಮೇ ತಿಂಗಳ ಮೀನುಗಾರಿಕೆ ಬಗ್ಗೆ ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಜಾಗ ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆ. ಕಡಲಿನ ಭಾಗ ಬರೆದಾಯಿತು. ಘಟ್ಟದ ಬುಡದ ಹೊಳೆಯದ್ದೂ ಆಯಿತು. ಎರಡರ ನಡುವಿನ ನೀರಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಇಂಗ್ಲಿಷಿನವರು ಬ್ರ್ಯಾಕಿಶ್ ವಾಟರ್ ಅನ್ನುತ್ತಾರಲ್ಲ, ಅದು. ಪೂರ್ತಿ ಉಪ್ಪಲ್ಲ, ಪೂರ್ತಿ ಸಿಹಿಯೂ ಅಲ್ಲ.

ಮೇ ತಿಂಗಳಲ್ಲೇ ಈ ಪದ ಯಾಕೆ ಇಷ್ಟು ಬೇಕಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದು ಉಪ್ಪನ್ನು ಕಡಲಿನ ಕಡೆಗೆ ನೂಕುತ್ತದೆ. ಬೇಸಿಗೆ ಕೊನೆಗೆ ಮೇಲಿನಿಂದ ಬರುವ ನೀರು ಸಣ್ಣ ಧಾರೆಯಾಗುತ್ತದೆ. ಆಗ ಭರತದ, ಅಂದರೆ ಉಬ್ಬರದ, ಜೊತೆ ಕಡಲು ಹೊಳೆಯೊಳಗೆ ದೂರದವರೆಗೆ ಏರಿ ಬರುತ್ತದೆ. ಆಗಸ್ಟಿನಲ್ಲಿ ಸಿಹಿ ಇದ್ದ ಜಾಗ ಮೇನಲ್ಲಿ ಉಪ್ಪು. ನೀರಿನ ಜೊತೆ ಮೀನೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮೇ ಕೊನೆಯಲ್ಲಿ ಬಂದರಿನಲ್ಲಿ ಬಲೆ ಒಣಗಿಸಿ ಕಟ್ಟಿಡುವ ಗಡಿಬಿಡಿ. ಮುಂದೆ ಅಡುಗೆಮನೆಗೆ ಒಣಮೀನು ಬಿಟ್ಟರೆ ಈ ನಡುವಿನ ನೀರೇ ಆಸರೆ. ಇಷ್ಟು ಮುಖ್ಯವಾದ ನೀರಿಗೆ ಪುಸ್ತಕದ ಕನ್ನಡದಲ್ಲಿ ಗಟ್ಟಿ ಹೆಸರಿಲ್ಲ ಅಂದರೆ ನನಗೆ ನಿಜಕ್ಕೂ ಬೇಸರ.

ಹುಡುಕಿದರೆ ಮೊದಲು ಸಿಗುವುದು 'ಸವಳು ನೀರು', 'ಚೌಳು ನೀರು'. ಸಿಗಡಿ ಕೃಷಿಯ ಬರಹಗಳಲ್ಲೂ ಇದನ್ನೇ ಬಳಸುತ್ತಾರೆ. ನನ್ನ ಕಿವಿಗೆ ಇದು ಕೂರುವುದಿಲ್ಲ. ಸವಳು ಬಯಲುಸೀಮೆಯ ಮಾತು. ಅಲ್ಲಿ ಸವಳು ಭೂಮಿ ಅಂದರೆ ಬೆಳೆ ಬಾರದ ನೆಲ, ಸವಳು ಬಾವಿ ಅಂದರೆ ಕುಡಿಯಲಾಗದ ನೀರು. ಕೆಟ್ಟದ್ದು ಅನ್ನುವ ಅರ್ಥ ಪದದೊಳಗೇ ಇದೆ. ನಾನು ಹೇಳಬೇಕಾಗಿರುವುದು ಸಾವಿರಾರು ಮನೆಗೆ ಅನ್ನ ಕೊಡುವ ನೀರಿನ ಬಗ್ಗೆ.

ಎರಡನೆಯದು 'ಹಿನ್ನೀರು'. ಪತ್ರಿಕೆಗಳಲ್ಲಿ ಇದೇ ಜಾಸ್ತಿ. ಆದರೆ ಒಂದೇ ಶರಾವತಿಯನ್ನು ನೋಡಿ. ಘಟ್ಟದ ಮೇಲಿನ ಸಾಗರ ಊರಿನವರಿಗೆ 'ಶರಾವತಿ ಹಿನ್ನೀರು' ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತ ಸಿಹಿನೀರು. ಅದೇ ಹೊಳೆ ಕಡಲು ಸೇರುವ ಹೊನ್ನಾವರದವಳಾದ ನನಗೆ ಅದೇ ಮಾತು ಅಂದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಏರಿಳಿಯುವ ಉಪ್ಪುನೀರು. 'ಹಿನ್ನೀರಿನ ಮೀನು' ಅಂತ ಬರೆದರೆ ಸಾಗರದ ಮಗು ಕಾಟ್ಲಾ, ರೋಹು ಅಂದುಕೊಳ್ಳುತ್ತದೆ. ಹೊನ್ನಾವರದ ಮಗು ಕಾಣೆ ಮೀನು, ಸಿಗಡಿ ಅಂದುಕೊಳ್ಳುತ್ತದೆ. ಇಬ್ಬರೂ ತಪ್ಪಲ್ಲ. ತಪ್ಪಿರುವುದು ಪದದಲ್ಲಿ. ಇನ್ನೂ ಒಂದು ವಿಷಯ ಇದೆ. ವಿದ್ಯುತ್ತಿಗೆ ಬಳಸಿ ಬಿಟ್ಟ ನೀರು ಬೇಸಿಗೆಯಲ್ಲೂ ಶರಾವತಿಗೆ ಇಳಿಯುತ್ತಲೇ ಇರುತ್ತದೆ. ಅದರಿಂದ ಕೆಳಗಿನ ಹೊಳೆಯ ಉಪ್ಪು ಕಡಿಮೆಯಾಗಿ, ಉಪ್ಪು ಬೇಡುವ ಬಳಚು ಅನ್ನುವ ಚಿಪ್ಪಿನ ಜೀವಿ ಅಲ್ಲಿ ಸೊರಗಿತು. ಮೇಲಿನ ಹಿನ್ನೀರು ಕೆಳಗಿನ 'ಹಿನ್ನೀರ'ನ್ನೇ ಬದಲಿಸಿತು ಅಂತ ಬರೆಯಬೇಕು ನಾನು. ಒಂದೇ ಪದ ಎರಡು ಕಡೆ ಇಟ್ಟುಕೊಂಡು ಹೇಗೆ ಬರೆಯಲಿ?

ಹಾಗಾಗಿ ನನ್ನ ಮನಸ್ಸು 'ಅಳಿವೆ ನೀರು' ಕಡೆ ವಾಲಿದೆ. ಹೊಳೆ ಕಡಲು ಸೇರುವ ಜಾಗಕ್ಕೆ ಕರಾವಳಿ ಉದ್ದಕ್ಕೂ ಅಳಿವೆ ಅನ್ನುತ್ತಾರೆ. ಅಳಿವೆ ಬಾಗಿಲು, ಅಳಿವೆಯ ಹೂಳು ಇವೆಲ್ಲ ದಿನದ ಮಾತು. ಹಳಗನ್ನಡದ 'ಅೞಿ', ಅಂದರೆ ಇಲ್ಲವಾಗು, ಇದರ ಮೂಲ ಅಂತ ನನಗೆ ತೋರುತ್ತದೆ. ಹೊಳೆ ಹೊಳೆಯಾಗಿ ಕೊನೆಯಾಗುವ ಜಾಗ. ಮಲಯಾಳದಲ್ಲೂ ಇದೇ ೞಕಾರದ 'ಅೞಿ', 'ಅೞಿಮುಖಂ' ಇವೆ, ಅರ್ಥ ಅದೇ. ಪೆರಿಯಾರ್ ಕಡಲಿಗೆ ಸೇರುವ ಕಡೆ ಇರುವ ಅೞಿಕ್ಕೋಡ್ ಊರಿನ ಹೆಸರಲ್ಲೂ ಅದು ಕೇಳುತ್ತದೆ. ಹಾಗಾದರೆ ಇದು ಯಾರೋ ಕೂತು ಕಟ್ಟಿದ ಪದವಲ್ಲ. ಕಡಲ ದಡದವರು ತಲೆಮಾರುಗಳಿಂದ ಆಡುತ್ತಾ ಬಂದದ್ದು.

ಇನ್ನೊಂದು ಕಾರಣಕ್ಕೂ ಇದು ನನಗೆ ಇಷ್ಟ. ಸವಳು ಬರೀ ರುಚಿ ಹೇಳುತ್ತದೆ. ಅಳಿವೆ ಜಾಗ ಹೇಳುತ್ತದೆ. ಕಡಲ ಸಿಗಡಿಯನ್ನೇ ತೆಗೆದುಕೊಳ್ಳಿ. ಮೊಟ್ಟೆ ಇಡುವುದು ಕಡಲಲ್ಲಿ. ಮರಿ ಅಳಿವೆಗೆ ಬಂದು ಮೇಯ್ದು ಬೆಳೆಯುತ್ತದೆ, ದೊಡ್ಡದಾಗಿ ಮತ್ತೆ ಕಡಲಿಗೆ ಹೋಗುತ್ತದೆ. ಅದಕ್ಕೆ ಇದು ಬೆರಕೆ ನೀರಲ್ಲ, ಬೆಳೆದ ಮನೆ.

ತೊಂದರೆ ಇಲ್ಲದೇ ಇಲ್ಲ. ಹಿಂದೊಮ್ಮೆ ನನ್ನ ಲೇಖನದಲ್ಲಿ 'ಅಳಿವೆಯ ಮೀನುಗಳು' ಅಂತಿತ್ತು. ಕರಡು ತಿದ್ದಿದವರು ಅದನ್ನು 'ಅಳಿವಿನ ಮೀನುಗಳು' ಮಾಡಿಬಿಟ್ಟರು. ಅಚ್ಚಾಗಿ ಬಂದಾಗ ಓದಿದವರೆಲ್ಲ, ಕಾಣೆ ಮೀನು ನಾಶವಾಗುತ್ತಿದೆಯಾ ಅಂತ ಕೇಳಿದರು. 'ಅಳಿವಿನಂಚು' ಎಲ್ಲರಿಗೂ ಗೊತ್ತು. ಅಳಿವೆ ಘಟ್ಟದ ಮೇಲೆ ಅಷ್ಟು ಗೊತ್ತಿಲ್ಲ. ಅದಕ್ಕೆ ಪದ ಬಿಡಬೇಕೋ, ಬಳಸಿ ಬಳಸಿ ಪರಿಚಯ ಮಾಡಿಸಬೇಕೋ? ನಾನು ಎರಡನೆಯ ದಾರಿ ಹಿಡಿಯುವವಳು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಆಗ ಈ ಪದ ಸುದ್ದಿಗಳಲ್ಲಿ ಸ್ವಲ್ಪ ಓಡಾಡಿತು, ಖುಷಿಯಾಯಿತು.

ಇದೇ ಥರ ಎಡವುವ ಇನ್ನೊಂದು ಪದ 'ಹತ್ತುಮೀನು'. ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಏರಿ ಬರುವ ಮೀನು. ಹತ್ತು ಅಂದರೆ ಏರು. ಬೆಂಗಳೂರಿನ ಗೆಳತಿಯೊಬ್ಬಳು ಓದಿ, "ಹತ್ತೇ ಮೀನು ಯಾಕೆ?" ಅಂದಳು. ಉಡುಪಿ, ಕುಂದಾಪುರ ಕಡೆ ಇದಕ್ಕೆ 'ಉಬರ್ ಮೀನು' ಅನ್ನುತ್ತಾರೆ. ಮಕ್ಕಳಿಗೆ ಎರಡೂ ಹೇಳೋಣ ಅಂತಿದ್ದೇನೆ. ಬಸುರಿ ಮೀನನ್ನು ಹಾಗೆ ಹಿಡಿಯುವುದು ಸರಿಯಲ್ಲ ಅನ್ನುವುದನ್ನೂ.

ಈಗ ನನಗೆ ನಿದ್ದೆ ಕೆಡಿಸಿರುವ ವಿಷಯ. ನಮ್ಮ ಮನೆಯಲ್ಲಿ ಅಮ್ಮ ಈ ನೀರಿಗೆ ಯಾವ ಹೆಸರೂ ಹೇಳುತ್ತಿರಲಿಲ್ಲ. ಬೇಸಿಗೆಯಲ್ಲಿ "ಹೊಳೆ ಉಪ್ಪಾಯ್ತು" ಅನ್ನುತ್ತಿದ್ದಳು. ಮಳೆ ಹಿಡಿದ ಮೇಲೆ "ಹೊಳೆ ಸಪ್ಪೆ ಆಯ್ತು" ಅನ್ನುತ್ತಿದ್ದಳು. ಅಷ್ಟೇ. ನೀರು ಬದಲಾಗುತ್ತಲೇ ಇರುವಾಗ ಹೆಸರಿಗಿಂತ ಈ 'ಆಯ್ತು' ಸರಿ ಅಲ್ವಾ? ಗಜನಿ ಗದ್ದೆಯೂ ಹಾಗೇ. ಮಳೆಗಾಲದಲ್ಲಿ ಅದರಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಉಪ್ಪುನೀರು, ಸಿಗಡಿ, ಮೀನು. ಗದ್ದೆಗೆ ಗಜನಿ ಅನ್ನುವ ಹೆಸರಿದೆ, ನೀರಿಗಿಲ್ಲ.

ಆದರೂ ಪುಸ್ತಕದ ಅಧ್ಯಾಯಕ್ಕೆ ಒಂದು ಹೆಸರು ಬೇಕೇ ಬೇಕು. ಅದಕ್ಕೆ ಕೇಳುತ್ತಿದ್ದೇನೆ. ಕಾರವಾರ, ಅಂಕೋಲಾ, ಭಟ್ಕಳ, ಬೈಂದೂರು, ಮೂಲ್ಕಿ, ಕಾಸರಗೋಡು ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯ ಹಿರಿಯರು ಈ ನೀರಿಗೆ ಏನನ್ನುತ್ತಾರೆ? ಬಲೆ ಬೀಸುವವರು, ಬಳಚು ಹೆಕ್ಕುವ ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡುವಾಗ ಏನು ಬಳಸುತ್ತಾರೆ? ಹಾಲಕ್ಕಿ, ಕೊಂಕಣಿ, ತುಳು, ಬ್ಯಾರಿ ಮಾತಾದರೂ ಸರಿ. ಘಟ್ಟದ ಮೇಲಿನವರು ಇನ್ನೊಂದು ಹೇಳಿ: 'ಅಳಿವೆ ನೀರಿನ ಮೀನು' ಅಂತ ಓದಿದರೆ ನಿಮಗೆ ತಕ್ಷಣ ಏನು ಹೊಳೆಯುತ್ತದೆ?