ಸಭೆಗೆ ಸೈಟು ಖರೀದಿ: ಯಾರ ಹೆಸರಿಗೆ, ಟ್ರಸ್ಟ್ ಡೀಡಿನಲ್ಲಿ ಏನೇನು ಬರೆಸಬೇಕು?

ಸೇಡಂ ರೋಡ್ ಸಭಿಕ (ಕಲಬುರಗಿ):

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಮ್ಮದು ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಕ್ರೈಸ್ತ ಸಭೆ, ಸುಮಾರು 60 ಮನೆಗಳಿವೆ. ಈಗ ಬಾಡಿಗೆ ಹಾಲ್‌ನಲ್ಲಿ ಆರಾಧನೆ ನಡೆಯುತ್ತಿದೆ. ರಿಂಗ್ ರೋಡಿನ ಆಚೆ 30x40ರ ಸೈಟು ನೋಡಿದ್ದೇವೆ, ಮಾತು 20 ಲಕ್ಷದ ಆಸುಪಾಸು ನಿಂತಿದೆ. ಸಭಾ ಹಿರಿಯರಲ್ಲಿ ಮೂರು ಅಭಿಪ್ರಾಯ: ಸದ್ಯಕ್ಕೆ ಪಾಸ್ಟರ್ ಹೆಸರಿಗೆ ಮಾಡಿಸೋಣ ಎನ್ನುವವರು, ಟ್ರಸ್ಟ್ ಮಾಡೋಣ ಎನ್ನುವವರು, ಯಾವುದಾದರೂ ದೊಡ್ಡ ಪಂಗಡಕ್ಕೆ ಸೇರಿ ಆಸ್ತಿಯನ್ನು ಅವರ ಹೆಸರಿಗೇ ಬಿಡೋಣ ಎನ್ನುವವರು. ಅಮೆರಿಕದ ಮೆಥೊಡಿಸ್ಟರು ಒಡೆದ ಸುದ್ದಿ ಓದಿದ ಮೇಲೆ ಮೂರನೆಯದಕ್ಕೆ ಅನೇಕರು ಹೆದರುತ್ತಿದ್ದಾರೆ. ನಾಳೆ ಮೇಲಿನವರು ಬೋಧನೆ ಬದಲಿಸಿದರೆ ಕಟ್ಟಡ ಯಾರದು ಎಂಬುದೇ ಅವರ ಪ್ರಶ್ನೆ.

ಸತ್ಯವೇದದ ಬೋಧನೆಯಿಂದ ಸಭೆ ಸರಿದರೂ ಆಸ್ತಿ ಸರಿಯದಂತೆ ಟ್ರಸ್ಟ್ ಡೀಡಿನಲ್ಲಿ (ಟ್ರಸ್ಟಿನ ನಿಯಮಪತ್ರದಲ್ಲಿ) ಬರೆಸಲು ಬರುತ್ತದೆಯೇ? ನಮ್ಮ ಭಾಗದಲ್ಲಿ ಸೈಟಿನ ಕಾಗದಗಳಲ್ಲಿ ಏನೇನು ನೋಡಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಬೀದರ್ ಓದುಗ:

ಮೊದಲು ಆ ಸುದ್ದಿಯ ಬಗ್ಗೆ, ಯಾಕೆಂದರೆ ಅರ್ಧ ಕೇಳಿ ಹೆದರುವವರು ನಮ್ಮಲ್ಲೂ ಇದ್ದಾರೆ. ಸಲಿಂಗಿಗಳ ವಿಷಯದ ಜಗಳದಲ್ಲಿ ಒಡೆದದ್ದು ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಚರ್ಚ್. ಬೀದರ್ ಕಡೆಯ ಮೆಥೊಡಿಸ್ಟ್ ಸಭೆಗಳು ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾಕ್ಕೆ ಸೇರಿದವು. ಅದು 1981ರಿಂದ ಸ್ವಾಯತ್ತ. ನಿಯಮಾವಳಿಯೂ ತನ್ನದೇ, ಬಿಷಪ್‌ಗಳೂ ತನ್ನವರೇ. 2024ರ ಮೇ 1ರಂದು ಶಾರ್ಲಟ್ ನಗರದಲ್ಲಿ ಆ ಅಮೆರಿಕದ ಚರ್ಚಿನ ಮಹಾಸಮ್ಮೇಳನವು ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡುವುದರ ಮೇಲಿದ್ದ ನಿಷೇಧವನ್ನು 692–51 ಮತಗಳಿಂದ ತೆಗೆದದ್ದು ಇಲ್ಲಿನ ಯಾವ ಅಯ್ಯನವರಿಗೂ ಅನ್ವಯಿಸುವುದಿಲ್ಲ.

ಆದರೆ ಆಸ್ತಿಯ ಪಾಠ ನಮಗೂ ಬೇಕಾದದ್ದೇ. ಅಲ್ಲಿ ಪ್ರತಿ ಸ್ಥಳೀಯ ಸಭೆಯ ಕಟ್ಟಡವೂ ಇಡೀ ಪಂಗಡದ ಪರವಾಗಿ ಟ್ರಸ್ಟಿನಲ್ಲಿದೆ ಎಂಬ ಷರತ್ತು ಮೊದಲಿನಿಂದ ಇದೆ. ಸ್ಥಳೀಯರು ದುಡ್ಡು ಹಾಕಿ ಕಟ್ಟಿದ್ದರೂ, ಪಂಗಡ ಬಿಟ್ಟರೆ ಬರಿಗೈಯಲ್ಲಿ ಹೋಗಬೇಕು. 2019ರಲ್ಲಿ 2553ನೇ ಪರಿಚ್ಛೇದ ಎಂಬ ತಾತ್ಕಾಲಿಕ ಬಾಗಿಲು ತೆರೆದರು. ಸಭೆಯ ಮೂರನೇ ಎರಡು ಭಾಗದ ಮತ, ಪಂಗಡಕ್ಕೆ ಕೊಡಬೇಕಾದ ಎರಡು ವರ್ಷದ ಪಾಲುಹಣ, ಪಾದ್ರಿಗಳ ಪಿಂಚಣಿಯ ಹೊಣೆಯಲ್ಲಿ ಒಂದು ಪಾಲು, ಇಷ್ಟು ಕಟ್ಟಿದರೆ ಕಟ್ಟಡದ ಸಮೇತ ಹೊರಬರಬಹುದಿತ್ತು. ಸುಮಾರು 7,600 ಸಭೆಗಳು ಹಾಗೆ ಹೊರಬಂದವು. 2023ರ ಡಿಸೆಂಬರ್ 31ಕ್ಕೆ ಆ ಬಾಗಿಲು ಮುಚ್ಚಿತು. ಆಮೇಲೆ ಎಚ್ಚೆತ್ತವರಿಗೆ ಆ ದಾರಿ ಇಲ್ಲ.

ಬೋಧನೆಯನ್ನು ಆಸ್ತಿಪತ್ರದಲ್ಲಿ ಕಟ್ಟಿಡುವುದು ಹೊಸದೇನಲ್ಲ. 1763ರಲ್ಲೇ ಮೆಥೊಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ ಪ್ರಾರ್ಥನಾ ಮಂದಿರಗಳಿಗೆಂದು ಒಂದು ಮಾದರಿ ಡೀಡ್ ಮಾಡಿಸಿದ. ತನ್ನ ಹೊಸ ಒಡಂಬಡಿಕೆಯ ಟಿಪ್ಪಣಿಗಳು ಮತ್ತು ನಾಲ್ಕು ಸಂಪುಟಗಳ ಪ್ರಸಂಗಗಳಲ್ಲಿ ಇರುವ ಬೋಧನೆ ಬಿಟ್ಟು ಬೇರೆ ಬೋಧಿಸುವವರಿಗೆ ಪೀಠ ಕೊಡಬಾರದು ಎಂದು ಟ್ರಸ್ಟಿಗಳಿಗೆ ಷರತ್ತು ಹಾಕಿದ. ಸ್ಕಾಟ್ಲೆಂಡಿನಲ್ಲಿ ಫ್ರೀ ಚರ್ಚಿನ ಬಹುಮತದವರು 1900ರಲ್ಲಿ ಇನ್ನೊಂದು ಸಭೆಯೊಂದಿಗೆ ಒಂದಾದರು. ಒಪ್ಪದ ಸಣ್ಣ ಗುಂಪು ಕೋರ್ಟಿಗೆ ಹೋಯಿತು. 1904ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಮೂಲ ತತ್ವಕ್ಕೆ ನಿಂತವರದೇ ಆಸ್ತಿ ಎಂದು ಆ ಸಣ್ಣ ಗುಂಪಿಗೆ ಕೊಟ್ಟಿತು. ಅಷ್ಟು ಆಸ್ತಿ ನಡೆಸುವ ಶಕ್ತಿ ಅವರಿಗಿರಲಿಲ್ಲವೆಂದು 1905ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಹಂಚಬೇಕಾಯಿತು. ಷರತ್ತಿಗೆ ಬಲವಿದೆ, ಆದರೆ ಅತಿ ಬಿಗಿಯಾದರೂ ತೊಂದರೆ.

ನಮ್ಮ ದೇಶದ್ದೇ ತೀರ್ಪು ಬೇಕೆಂದರೆ ಗುಜರಾತಿನ ಬ್ರದರನ್ ಸಭೆಯದ್ದು. ಅದು 1970ರಲ್ಲಿ ಠರಾವು ಮಾಡಿ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ ಸೇರಿತೆಂದು ಹೇಳಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್, ಬರೀ ಠರಾವಿನಿಂದ ನೋಂದಾಯಿತ ಸಂಘ ವಿಸರ್ಜನೆಯಾಗದು, ಆಸ್ತಿಯೂ ವರ್ಗವಾಗದು, ಕಾಯ್ದೆ ಹೇಳಿದ ಕ್ರಮದಲ್ಲೇ ಆಗಬೇಕು ಎಂದಿತು. ನೋಂದಣಿಯ ಕಾಗದ ನೆಟ್ಟಗಿದ್ದರೆ ಅದೇ ಕಾವಲು.

ಬರೆಸುವಾಗ ಒಂದು ಮುಖ್ಯ ಮಾತು. "ಸತ್ಯವೇದಕ್ಕೆ ಅನುಸಾರವಾದ ಬೋಧನೆ" ಎಂದಷ್ಟೇ ಬರೆಸಿದರೆ ಜಗಳ ಬಂದಾಗ ಎರಡೂ ಗುಂಪಿನವರು ಅದು ನಾವೇ ಎನ್ನುತ್ತಾರೆ, ನ್ಯಾಯಾಧೀಶರು ದೇವಶಾಸ್ತ್ರ ತೀರ್ಮಾನಿಸಲು ಕೂರುವುದಿಲ್ಲ. ಯಾವ ನಂಬಿಕೆಯ ಅರಿಕೆ (ಸಭೆ ಏನು ನಂಬುತ್ತದೆ ಎಂಬ ಲಿಖಿತ ಹೇಳಿಕೆ) ಎಂದು ಹೆಸರು, ಇಸವಿ ಸಮೇತ ಹೇಳಿ: ವೆಸ್ಟ್‌ಮಿನ್‌ಸ್ಟರ್ ಅರಿಕೆಯೋ, 1689ರ ಬ್ಯಾಪ್ಟಿಸ್ಟ್ ಅರಿಕೆಯೋ, ನಿಮ್ಮದೇ ಹತ್ತು-ಹನ್ನೆರಡು ಕಲಮುಗಳೋ. ಅದರ ಪೂರ್ತಿ ಪಾಠವನ್ನು ಅನುಬಂಧವಾಗಿ ಡೀಡಿಗೆ ಸೇರಿಸಿ ಪ್ರತಿ ಪುಟಕ್ಕೂ ಸಹಿ ಮಾಡಿಸಿ. ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಭಿನ್ನಾಭಿಪ್ರಾಯದಲ್ಲಿ ಯಾವುದು ಅಂತಿಮ ಎಂದೂ ಬರೆಸಿ. ದೀಕ್ಷಾಸ್ನಾನ, ವಿವಾಹ, ಹಿರಿಯರ ಅರ್ಹತೆ ಇವು ಅನುಬಂಧದಲ್ಲಿ ಇರಲಿ. ಆರಾಧನೆಯ ಸಮಯ, ಹಾಡಿನ ಪುಸ್ತಕ, ವಾದ್ಯ ಇವನ್ನೆಲ್ಲ ಡೀಡಿಗೆ ತರಬೇಡಿ, ಅವು ಬೈಲಾದ ವಿಷಯ.

ಬಾಂಡ್ ಪೇಪರ್ (ಯಾದಗಿರಿ):

ಪಾಸ್ಟರ್ ಹೆಸರಿಗಿ ಮಾಡಬ್ಯಾಡ್ರಿ, "ಸದ್ಯಕ್ಕ" ಅಂತನೂ ಬ್ಯಾಡ್ರಿ. ಅವರು ಎಷ್ಟೇ ಒಳ್ಳೆಯವರಿರಲಿ, ತೀರಿಕೊಂಡ ದಿನ ಆಸ್ತಿ ವಾರಸುದಾರರದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಕ್ರೈಸ್ತ ಗಂಡಸು ಉಯಿಲಿಲ್ಲದೆ ತೀರಿದರ ಹೆಂಡತಿಗಿ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗಿ. ಸಭೆ ಅನ್ನೋ ಹೆಸರೇ ಅದರೊಳಗ ಬರಲ್ಲ. ಸಭೆ ದುಡ್ಡು ಕೊಟ್ಟು ಅವರ ಹೆಸರಿಗಿ ಬರೆಸಿದ್ದು ಅಂತ ಆಮೇಲೆ ದಾವಾ ಹಾಕಿದರ 1988ರ ಬೇನಾಮಿ ಕಾಯ್ದೆ ಅಡ್ಡ ಬರ್ತದ. ಅವರು ಟ್ರಸ್ಟಿಯಾಗಿ ಹಿಡಿದಾರ ಅನ್ನೋದಕ್ಕ ಆವತ್ತಿನ ಕಾಗದ ಇಲ್ಲಂದ್ರ ಕೈ ಚೆಲ್ಲಬೇಕು.

ಕೆಲಸದ ಕ್ರಮ ಹಿಂಗಿರಲಿ. ಮೊದಲು ಟ್ರಸ್ಟ್ ಡೀಡ್ ನೋಂದಣಿ, ಆಮೇಲೆ ಟ್ರಸ್ಟಿನ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ, ಜನರ ಕಾಣಿಕೆ ಆ ಖಾತೆಗಿ, ಕೊನೆಗಿ ಅದೇ ಖಾತೆಯಿಂದ ಟ್ರಸ್ಟ್ ಹೆಸರಿಗಿ ಕರಾರು ಮತ್ತು ಕ್ರಯಪತ್ರ. ನಮ್ಮ ಕಡೆ ಉಲ್ಟಾ ಮಾಡ್ತಾರ. ಮಾಲೀಕ ಅವಸರ ಮಾಡ್ಯಾನಂತ ಹಿರಿಯರೊಬ್ಬರ ಹೆಸರಿಗಿ ಕರಾರು ಬರೆಸಿ ಮುಂಗಡ ನಗದು ಕೊಟ್ಟಿರ್ತಾರ. ಆಸ್ತಿ ವ್ಯವಹಾರದಾಗ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡ ನಗದಿನಾಗ ತಗೊಂಡರ, ತಗೊಂಡವರಿಗಿ ಅಷ್ಟೇ ಮೊತ್ತದ ದಂಡ ಬೀಳ್ತದ. ಮಾಲೀಕನಿಗಿ ಇದನ್ನ ಹೇಳ್ರಿ, ತಾನೇ ಚೆಕ್ಕು ಕೇಳ್ತಾನ.

ಇನ್ನ ಸೈಟಿನ ಕಾಗದ. ಅದು ಮೂಲದಾಗ ಹೊಲ ಇದ್ದೇ ಇರ್ತದ. ಆ ಸರ್ವೆ ನಂಬರಿನ ಹಳೇ ಪಹಣಿ, ಮ್ಯುಟೇಷನ್ ಎಲ್ಲಾ ತೆಗೆಸ್ರಿ, ಸರ್ಕಾರ ಮಂಜೂರು ಮಾಡಿದ ಜಮೀನು ಹೌದೋ ಅಲ್ಲೋ ಮೊದಲು ನೋಡ್ರಿ. ಪರಿಶಿಷ್ಟರಿಗಿ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದ ಮಾರಿದ್ದರ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ಅಸಿಂಧು. ಮಂಜೂರಾದವರ ಮಕ್ಕಳು ಸಹಾಯಕ ಆಯುಕ್ತರ ಹತ್ರ ಅರ್ಜಿ ಹಾಕಿ ವಾಪಸ್ ತಗೋಬಹುದು. 2023ರ ತಿದ್ದುಪಡಿ ಆದ ಮ್ಯಾಲ ಅರ್ಜಿಗಿ ಕಾಲಮಿತಿನೂ ಇಲ್ಲ. ಬಡವರ ಜಮೀನಿನ ಮ್ಯಾಲ ದೇವರ ಮನೆ ಕಟ್ಟಿ ಅವರ ಶಾಪ ಕಟ್ಟಿಕೊಳ್ಳೋದು ಬ್ಯಾಡ. ನಮ್ಮ ಭಾಗದಾಗ ಇನಾಮ್ ಜಮೀನೂ (ಹಿಂದಿನ ಅರಸರು ದತ್ತಿ ಕೊಟ್ಟದ್ದು) ಬಹಳ. ವಕ್ಫ್ ಅಥವಾ ಗುಡಿ ಹೆಸರು ಹಳೇ ಪಹಣಿಯಾಗ ಕಂಡರ ಅಲ್ಲಿಗೇ ನಿಲ್ಲಿಸ್ರಿ. ಇಸಿ (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಾಗ ಸಿಗ್ತದ, 30 ವರ್ಷದ್ದು ಕೇಳ್ರಿ.

ಆಮೇಲೆ ಎನ್ಎ (ಹೊಲ ಕೃಷಿಯೇತರ ಆದ) ಆದೇಶ, ಕುಡಾ (ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆ. ಪಂಚಾಯ್ತಿ ಹದ್ದಿನಾಗಿದ್ದರ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ಕೊಟ್ಟರ ಮಂಜೂರಾತಿ ಸರಿಯಿಲ್ಲಂತ ತಿಳ್ಕೊಳ್ರಿ. ನಕ್ಷೆಯಾಗ ಪಾರ್ಕು ಅಥವಾ ಸಿಎ ಸೈಟು (ಸಾರ್ವಜನಿಕ ಸೌಲಭ್ಯದ ಜಾಗ) ಅಂತ ಬಿಟ್ಟದ್ದನ್ನೇ ತುಂಡು ಮಾಡಿ ಮಾರೋರು ಇದ್ದಾರ, ಸೈಟಿನ ನಂಬರು ನಕ್ಷೆ ಮ್ಯಾಲ ಬೆರಳಿಟ್ಟು ತೋರಿಸಂತ ಹೇಳ್ರಿ. ಮನೆಗಂತ ಪರವಾನಗಿ ತಗೊಂಡು ಪ್ರಾರ್ಥನಾ ಮಂದಿರ ಕಟ್ಟಬ್ಯಾಡ್ರಿ. ದೂರು ಬಂದ ದಿನ ಪಾಲಿಕೆಯವರು ಕೇಳೋ ಮೊದಲ ಕಾಗದ ಅದೇ. 30x40 ಅಂದ್ರ 1,200 ಚದರ ಅಡಿ, ಸುತ್ತ ಬಿಡೋ ಜಾಗ, ಗಾಡಿ ನಿಲ್ಲಿಸೋ ಜಾಗ ಕಳೆದರ ಹಾಲ್ ಸಣ್ಣದಾಗ್ತದ, 60 ಮನೆಗಿ ಸಾಲಲ್ಲ. ದರ ಸ್ವಲ್ಪ ಕಡಿಮಿ ಇರೋ ಕಡೆ 40x60 ನೋಡ್ರಿ.

ಖರ್ಚು: ಮುದ್ರಾಂಕ ಶೇ 5, ಅದರ ಮ್ಯಾಲ ಸೆಸ್ಸು-ಸರ್ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗ್ಯಾದ. ಎಲ್ಲಾ ಸೇರಿ ಶೇ 7.6ರ ಹತ್ರ, 20 ಲಕ್ಷಕ್ಕ ಸುಮಾರು 1.52 ಲಕ್ಷ. ಸರ್ಕಾರದ ಮಾರ್ಗಸೂಚಿ ದರ ನೀವು ಕೊಡೋ ಬೆಲೆಗಿಂತ ಹೆಚ್ಚಿದ್ದರ ಲೆಕ್ಕ ಅದರ ಮ್ಯಾಲ.

ಲೆಕ್ಕ ನೋಡುವವ (ಬಸವಕಲ್ಯಾಣ):

ಮೇಲಿನವರು ಹೇಳಿದ್ದಕ್ಕೆ ಡೀಡಿನ ಒಳಗಿನ ಕೆಲವು ಮಾತು ಸೇರಿಸುತ್ತೇನೆ. ಟ್ರಸ್ಟಿಗಳು 5 ಅಥವಾ 7 ಜನ, ಒಂದು ಮನೆಯಿಂದ ಒಬ್ಬರೇ. ಅವಧಿ 3 ವರ್ಷ, ಖಾಲಿಯಾದ ಸ್ಥಾನವನ್ನು 90 ದಿನದೊಳಗೆ ಸಭೆಯ ಸದಸ್ಯರು ತುಂಬಬೇಕು, ಉಳಿದ ಟ್ರಸ್ಟಿಗಳಲ್ಲ. ಪಾಸ್ಟರ್ ಟ್ರಸ್ಟಿಯಾಗಿರಲಿ, ಆದರೆ ಚೆಕ್ಕಿಗೆ ಅವರೊಬ್ಬರ ಸಹಿ ಸಾಲದು. ಮೂವರಲ್ಲಿ ಇಬ್ಬರ ಸಹಿ ಇಡಿ. ಮಾರಾಟ, ಅಡಮಾನಕ್ಕೆ ಸದಸ್ಯರ ನಾಲ್ಕನೇ ಮೂರು ಭಾಗದ ಒಪ್ಪಿಗೆ, 21 ದಿನದ ನೋಟಿಸು. ಸದಸ್ಯ ಯಾರು ಎಂಬುದನ್ನೂ ಬರೆಯಿರಿ, ಹೆಸರಿನ ರಿಜಿಸ್ಟರ್ ಇಡಿ. ಜಗಳ ಬಂದ ಸಭೆಗಳಲ್ಲಿ ಮತದ ದಿನ ಹೊಸ ಮುಖಗಳು ತುಂಬುವುದು ರಿಜಿಸ್ಟರ್ ಇಲ್ಲದ್ದಕ್ಕೇ. ಟ್ರಸ್ಟಿಗಳೇ ದಾರಿ ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಆಸಕ್ತರಾದ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವಾ ಹೂಡಬಹುದು.

ತೆರಿಗೆಯಲ್ಲಿ ಬಹಳ ಜನ ಎಡವುವುದು 80ಜಿಯಲ್ಲಿ (ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ, 1961ರ ಕಾಯ್ದೆಯ ಕಲಮು). ಶುದ್ಧ ಆರಾಧನೆಯ ಟ್ರಸ್ಟಿಗೆ ಅದು ಸಿಗುವುದಿಲ್ಲ. ಅದು ಬೇಕೆಂದರೆ ಧಾರ್ಮಿಕ ಖರ್ಚು ವರಮಾನದ ಶೇ 5 ದಾಟುವಂತಿಲ್ಲ. 80ಜಿ ಆಸೆಗೆ ಶಾಲೆ, ಆಸ್ಪತ್ರೆ, ಆರಾಧನೆ ಎಲ್ಲವನ್ನೂ ಒಂದೇ ಡೀಡಿಗೆ ತುರುಕಿದರೆ ಎರಡೂ ಕೆಡುತ್ತವೆ. ಸೇವಾ ಕೆಲಸಕ್ಕೆ ಬೇರೆ ಟ್ರಸ್ಟ್ ಮಾಡಿ. ಕಾಣಿಕೆ ಚೀಲದ ಹೆಸರಿಲ್ಲದ ಹಣಕ್ಕೆ ಶುದ್ಧ ಧಾರ್ಮಿಕ ಟ್ರಸ್ಟಿಗೆ ವಿಶೇಷ ತೆರಿಗೆ ಇಲ್ಲ, ಆದರೆ ಪ್ರತಿ ಭಾನುವಾರ ಇಬ್ಬರು ಎಣಿಸಿ ಪುಸ್ತಕಕ್ಕೆ ಸಹಿ ಹಾಕಿ ಸೋಮವಾರ ಬ್ಯಾಂಕಿಗೆ ಕಟ್ಟಿ. ಆದಾಯ ತೆರಿಗೆ ವಿನಾಯಿತಿ ಸಿಗಬೇಕೆಂದರೆ ಟ್ರಸ್ಟಿಗೆ ಆ ಇಲಾಖೆಯ ನೋಂದಣಿ ಬೇಕೇ ಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಕಲಮಿನ ಸಂಖ್ಯೆಗಳು ಬೇರೆ, ಹಳೇ ನಮೂನೆ ಹಿಡಿದು ಓಡಾಡಬೇಡಿ.

ವಿದೇಶದ ದುಡ್ಡು: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಪಾಸ್ಟರ್ ಸ್ವಂತ ಖಾತೆಗೆ ಹಾಕಿಸಿಕೊಂಡು ಸಭೆಗೆ ಕೊಡುವುದೂ ಉಲ್ಲಂಘನೆಯೇ. ನೋಂದಣಿಗೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಹಣ ಬರುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಗೆ ಮಾತ್ರ.

ಸೇಡಂ ರೋಡ್ ಸಭಿಕ:

ಬಹಳ ಉಪಕಾರ ಆಯಿತು. ಇನ್ನೊಂದು ಸೂಕ್ಷ್ಮ ಪ್ರಶ್ನೆ. ಟ್ರಸ್ಟಿಗಳಾಗಲು ಯೋಗ್ಯರಾದ ಇಬ್ಬರ ಹತ್ತಿರ ಪರಿಶಿಷ್ಟ ಜಾತಿ ಪ್ರಮಾಣಪತ್ರ ಇದೆ. ಅವರ ಹೆಸರು ಡೀಡಿನಲ್ಲಿ ಬಂದರೆ ತೊಂದರೆಯೇ?

ಬೀದರ್ ಓದುಗ:

ಆಗಬಹುದು, ಸಹಿ ಮಾಡಿಸುವ ಮೊದಲೇ ಅವರಿಗೆ ಬಿಡಿಸಿ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಆ ಸ್ಥಾನಮಾನ ಇಲ್ಲ. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್, ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಪುದುಚೇರಿಯ ಮಹಿಳೆಗೆ ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಸಿಗದು ಎಂದಿತು. ನಂಬಿಕೆಯ ಅರಿಕೆಗೆ ಸಹಿ ಮಾಡಿದ ನೋಂದಾಯಿತ ಡೀಡ್ ಅದಕ್ಕಿಂತ ಗಟ್ಟಿ ಸಾಕ್ಷಿ. ದಲಿತ ಕ್ರೈಸ್ತರಿಗೆ ಆಗಿರುವ ಈ ಅನ್ಯಾಯದ ವಿರುದ್ಧ ಸಭೆಗಳು ದನಿ ಎತ್ತಲೇಬೇಕು. ಆದರೆ ನಿಮ್ಮ ಡೀಡಿನಲ್ಲಿ ಸುಳ್ಳು ಬೇಡ, ಆ ಇಬ್ಬರ ಮೇಲೆ ಒತ್ತಾಯವೂ ಬೇಡ. ಮಕ್ಕಳ ಓದು, ನೌಕರಿ ಎಲ್ಲ ಲೆಕ್ಕ ಹಾಕಿ ಮನೆಯವರೊಂದಿಗೆ ಕೂತು ಅವರೇ ತೀರ್ಮಾನಿಸಲಿ. ಬೇಡವೆಂದರೆ ಬೇರೆಯವರನ್ನು ಆರಿಸಿ, ಅದಕ್ಕಾಗಿ ಅವರನ್ನು ಸಭೆಯಲ್ಲಿ ಯಾರೂ ಹೀನಾಯವಾಗಿ ಮಾತಾಡದಂತೆ ಹಿರಿಯರು ನೋಡಿಕೊಳ್ಳಬೇಕು.

ಬಾಂಡ್ ಪೇಪರ್ (ಯಾದಗಿರಿ):

ಡೀಡಿನ ಕರಡು ಆದ ಮ್ಯಾಲ ವಕೀಲರಿಗಿ ಕೊಡೋ ಮೊದಲು ಒಂದು ಭಾನುವಾರ ಪೂರ್ತಿ ಸಭೆ ಮುಂದ ಕನ್ನಡದಾಗ ಓದ್ರಿ. ಮಾರಾಟದ ಕಲಮು, ಟ್ರಸ್ಟಿ ತೆಗೆಯೋ ಕಲಮು ಎರಡು ಸಲ ಓದ್ರಿ, ಹೆಂಗಸರೂ ಕೇಳೋ ಹಂಗ. ತಕರಾರು ಇದ್ದರ ಆವತ್ತೇ ಬರಲಿ.