ಆನ್ಸಿಬಲ್‌ನಲ್ಲಿ ಪ್ಯಾಕೇಜ್‌ಗಳಿಗೆ ‘ಪ್ರೆಸೆಂಟ್’ ಸಾಕೇ, ‘ಲೇಟೆಸ್ಟ್’ ಬೇಕೇ?

ಪ್ರಶ್ನೆ:
ನಮ್ಮಲ್ಲಿ ಡೆಬಿಯನ್ 12 ಮತ್ತು ರಾಕಿ ಲಿನಕ್ಸ್ 9 ಸರ್ವರ್‌ಗಳ ಜೊತೆಗೆ ಕೆಲವು ಫ್ರೀಬಿಎಸ್‌ಡಿ ಯಂತ್ರಗಳೂ ಇದ್ದು, ಎಲ್ಲವನ್ನೂ ಆನ್ಸಿಬಲ್ (ಅನೇಕ ಸರ್ವರ್‌ಗಳನ್ನು ಒಟ್ಟಿಗೆ ನಿರ್ವಹಿಸುವ ಉಪಕರಣ) ಮೂಲಕವೇ ನಿರ್ವಹಿಸುತ್ತೇವೆ. ‘ಪ್ರೆಸೆಂಟ್’ (ಪ್ಯಾಕೇಜ್ ಯಾವ ಆವೃತ್ತಿಯದಾದರೂ ಇದ್ದರೆ ಸಾಕು) ಎಂದು ಬರೆದರೆ ಹಳೆಯ ಸರ್ವರ್‌ಗಳಲ್ಲಿ ಹಳೆಯ ಆವೃತ್ತಿ ಉಳಿದು, ಹೊಸದಾಗಿ ಸೇರಿಸಿದವುಗಳಲ್ಲಿ ಹೊಸ ಆವೃತ್ತಿ ಬಂದು ಕೂರುತ್ತದೆ. ‘ಲೇಟೆಸ್ಟ್’ (ಸದಾ ಇತ್ತೀಚಿನ ಆವೃತ್ತಿಯೇ ಬೇಕು) ಎಂದರೆ, ಕಾನ್ಫಿಗರೇಶನ್‌ನ ಒಂದು ಸಾಲು ಬದಲಿಸಲು ಪ್ಲೇಬುಕ್ (ಆನ್ಸಿಬಲ್‌ಗೆ ಬರೆದ ಕೆಲಸಗಳ ಪಟ್ಟಿ) ಓಡಿಸಿದಾಗಲೂ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಆಗಿ ರೀಸ್ಟಾರ್ಟ್ ಆಗುತ್ತದೆ. ಆವೃತ್ತಿಯ ಸಂಖ್ಯೆಯನ್ನೇ ಪ್ಲೇಬುಕ್‌ನಲ್ಲಿ ಬರೆದಿಡುವುದು ಸರಿಯೇ?

ಮೊದಲ ಉತ್ತರ:
ಡೆಬಿಯನ್‌ನಲ್ಲಿ ಅದು ಬಹುಕಾಲ ನಡೆಯುವುದಿಲ್ಲ. ಅಲ್ಲಿನ ಭದ್ರತಾ ರೆಪೊಸಿಟರಿಗೆ (ಪ್ಯಾಕೇಜ್‌ಗಳ ಸಂಗ್ರಹಕ್ಕೆ) ಹೊಸ ಆವೃತ್ತಿ ಬಂದೊಡನೆ ಹಿಂದಿನದು ಪಟ್ಟಿಯಿಂದ ಮರೆಯಾಗುವುದರಿಂದ, ಪ್ಲೇಬುಕ್‌ನಲ್ಲಿ ಬರೆದ ಆವೃತ್ತಿ ಹೊಸ ಸರ್ವರ್‌ಗೆ ಸಿಗದೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಯಾವ ಆವೃತ್ತಿ ಬೇಕೆಂಬ ತೀರ್ಮಾನ ಪ್ಲೇಬುಕ್‌ನದಲ್ಲ, ರೆಪೊಸಿಟರಿಯದಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಡೆಬಿಯನ್‌ಗೆ ಆಪ್ಟ್ಲಿ ಎಂಬ ಉಪಕರಣ ಬಳಸಿ ರೆಪೊಸಿಟರಿಯ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪ್ರತಿ) ತೆಗೆದಿಟ್ಟುಕೊಳ್ಳಿ; ಒಮ್ಮೆ ತೆಗೆದ ಸ್ನ್ಯಾಪ್‌ಶಾಟ್ ಬದಲಾಗದ ಕಾರಣ ಅದನ್ನು ಮೊದಲು ಪರೀಕ್ಷಾ ಸರ್ವರ್‌ಗಳಿಗೆ, ಆಮೇಲೆ ಉಳಿದವಕ್ಕೆ ಕೊಡಬಹುದು. ರಾಕಿಗೆ ಇದೇ ಕೆಲಸಕ್ಕೆ ಪಲ್ಪ್ ಇದೆ. ದಿನನಿತ್ಯದ ಪ್ಲೇಬುಕ್‌ನಲ್ಲಿ ‘ಪ್ರೆಸೆಂಟ್’ ಇರಲಿ. ‘ಲೇಟೆಸ್ಟ್’ ಎಂಬುದು ಅಪ್‌ಗ್ರೇಡ್‌ಗೆಂದೇ ಬರೆದ ಬೇರೆ ಪ್ಲೇಬುಕ್‌ನಲ್ಲಿ ಮಾತ್ರ, ಅದೂ ‘ಸೀರಿಯಲ್’ ಹಾಕಿ ಸರ್ವರ್‌ಗಳನ್ನು ಸಣ್ಣ ತಂಡಗಳಾಗಿ ವಿಂಗಡಿಸಿ.

ಎರಡನೆಯ ಉತ್ತರ:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಅದರಲ್ಲೊಂದು ಅಪಾಯವಿದೆ. ಸ್ನ್ಯಾಪ್‌ಶಾಟ್ ಹೊಸದಾಗಿಸುವ ಹೊಣೆ ಯಾರದೆಂದು ನಿಗದಿಯಾಗದಿದ್ದರೆ ಭದ್ರತಾ ತಿದ್ದುಪಡಿಗಳೂ ಹೊರಗೇ ಉಳಿಯುತ್ತವೆ. ಡೆಬಿಯನ್‌ನಲ್ಲಿ ತಾನಾಗಿಯೇ ಅಪ್‌ಗ್ರೇಡ್ ಮಾಡುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ: ಅದು ರೆಪೊಸಿಟರಿಯ ಆರಿಜಿನ್ ಮತ್ತು ಲೇಬಲ್ (ಅದರ ಮೂಲವನ್ನು ಗುರುತಿಸುವ ಹೆಸರುಗಳು) ನೋಡಿ ಆಯ್ಕೆ ಮಾಡುತ್ತದೆ. ಆಪ್ಟ್ಲಿಯಲ್ಲಿ ಪ್ರಕಟಿಸುವಾಗ ಅವುಗಳನ್ನು ಡೆಬಿಯನ್‌ನಂತೆಯೇ ಕೊಡದಿದ್ದರೆ ಆ ಪ್ಯಾಕೇಜ್‌ಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಇನ್ನೊಂದು ವಿಷಯ. ಲೈಬ್ರರಿ ಅಪ್‌ಗ್ರೇಡ್ ಆದ ಮಾತ್ರಕ್ಕೆ ಓಡುತ್ತಿರುವ ಪ್ರಕ್ರಿಯೆಗಳು ಹಳೆಯ ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣದ ಲೈಬ್ರರಿ) ಅನ್ನು ಬಿಡುವುದಿಲ್ಲ. ಡೆಬಿಯನ್‌ನಲ್ಲಿ ‘ನೀಡ್‌ರೀಸ್ಟಾರ್ಟ್’, ರಾಕಿಯಲ್ಲಿ ‘ನೀಡ್ಸ್-ರೀಸ್ಟಾರ್ಟಿಂಗ್’ ಓಡಿಸಿ, ಯಾವ ಸೇವೆಗಳನ್ನು ಮತ್ತೆ ಆರಂಭಿಸಬೇಕೆಂದು ತಿಳಿದುಕೊಳ್ಳಿ. ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡುವ ವೇಳೆಯನ್ನು ಮಾತ್ರ ನೀವೇ ನಿರ್ಧರಿಸಿ.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ವೆಬ್ ಸರ್ವರ್ ಆದ ಅಪಾಚೆಯ ಪ್ಯಾಕೇಜ್ ಹೆಸರು ಡೆಬಿಯನ್‌ನಲ್ಲಿ ‘ಅಪಾಚೆ2’, ರಾಕಿಯಲ್ಲಿ ‘ಎಚ್‌ಟಿಟಿಪಿಡಿ’, ಫ್ರೀಬಿಎಸ್‌ಡಿಯಲ್ಲಿ ‘ಅಪಾಚೆ24’. ಆನ್ಸಿಬಲ್‌ನ ‘ಪ್ಯಾಕೇಜ್’ ಮಾಡ್ಯೂಲ್ ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆಯೇ?

ಮೊದಲ ಉತ್ತರ ಬರೆದವರು:
ಇಲ್ಲ. ಅದು ಆಯಾ ವ್ಯವಸ್ಥೆಯ ಪ್ಯಾಕೇಜ್ ಮ್ಯಾನೇಜರನ್ನು ಕರೆಯುತ್ತದೆಯೇ ಹೊರತು ಹೆಸರನ್ನು ಬದಲಿಸುವುದಿಲ್ಲ. ‘ಓಎಸ್ ಫ್ಯಾಮಿಲಿ’ಗೆ (ಆಪರೇಟಿಂಗ್ ಸಿಸ್ಟಂನ ಗುಂಪಿಗೆ) ಒಂದರಂತೆ ವೇರಿಯಬಲ್ ಫೈಲ್ ಇಟ್ಟು ಹೆಸರುಗಳನ್ನು ಅಲ್ಲಿ ಬರೆಯಿರಿ. ಸೇವೆಯ ಹೆಸರು ಮತ್ತು ಕಾನ್ಫಿಗರೇಶನ್ ಫೈಲ್‌ನ ದಾರಿಯೂ ಅಲ್ಲೇ ಇರಲಿ, ಏಕೆಂದರೆ ಫ್ರೀಬಿಎಸ್‌ಡಿಯಲ್ಲಿ ಆ ಫೈಲ್‌ಗಳು ‘/ಯುಎಸ್‌ಆರ್/ಲೋಕಲ್/ಇಟಿಸಿ’ ಅಡಿಯಲ್ಲಿರುತ್ತವೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕಿದೊಡನೆ ಸೇವೆ ಸಾಮಾನ್ಯವಾಗಿ ತಾನಾಗಿಯೇ ಶುರುವಾಗುತ್ತದೆ. ರಾಕಿಯಲ್ಲಿ ಅಪಾಚೆ ಹಾಗೆ ಶುರುವಾಗುವುದಿಲ್ಲ. ಆದ್ದರಿಂದ ‘ಸರ್ವಿಸ್’ ಟಾಸ್ಕ್ ಅನ್ನು ಎಲ್ಲ ಕಡೆಯೂ ಸ್ಪಷ್ಟವಾಗಿ ಬರೆದುಬಿಡಿ.