ಎಫ್‌ಸಿ ಆಗಿದೆ, ಆದರೆ ಟೈರ್ ಮೇಲೆ ಡೌಟು – ಸೆಕೆಂಡ್ ಹ್ಯಾಂಡ್ 407

ಲೋಡ್_ಹಾಸನ

ಎಲ್ಲರಿಗೂ ನಮಸ್ಕಾರ. 2016ರ ಮಾಡೆಲ್ ಟಾಟಾ 407 ಲಾರಿ ವ್ಯಾಪಾರಕ್ಕೆ ಬಂದಿದೆ, ಕೊಳ್ಳೋಣ ಅಂತಿದ್ದೇನೆ. ಆರು ಚಕ್ರ, 7.50 ಆರ್ 16 ಸೈಜು, ಟ್ಯೂಬ್ ಇರುವ ರೇಡಿಯಲ್ ಟೈರು. ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟು) ಆಗಿ ಎರಡೇ ತಿಂಗಳು, ಇನ್ನೂ ಹತ್ತು ತಿಂಗಳು ವ್ಯಾಲಿಡಿಟಿ ಇದೆ. ಮಾಲೀಕರದ್ದು ಒಂದೇ ಮಾತು: "ಎಫ್‌ಸಿ ಪಾಸಾಗಿದೆಯಲ್ಲ, ಟೈರ್ ಏನು ನೋಡ್ತೀರಿ?"

ಮುಂದಿನ ಎರಡೂ ಟೈರಲ್ಲಿ ಬಟನ್ (ರಸ್ತೆಗೆ ತಾಗುವ ಕಾಲುವೆ ಕೊರೆದ ರಬ್ಬರು) ಭರ್ಜರಿಯಾಗಿದೆ, ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿದೆ. ಹಿಂದೆ ಹೊರಗಿನವು ಪರವಾಗಿಲ್ಲ, ಒಳಗಿನವು ಸರಿಯಾಗಿ ಕಾಣುವುದಿಲ್ಲ. ಒಂದು ರಿಬಟನ್ ಮಾಡಿಸಿದ, ಅಂದರೆ ಸವೆದ ಮೇಲೆ ಹೊಸ ಬಟನ್ ಪಟ್ಟಿ ಅಂಟಿಸಿದ ಟೈರೂ ಇದೆ. ಗಾಡಿ ಓಡುವುದು ಹಾಸನದಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ, ವಾರಕ್ಕೆ ಮೂರು ಟ್ರಿಪ್, ಮಳೆಗಾಲದಲ್ಲೂ.

ಎಫ್‌ಸಿಯಲ್ಲಿ ಟೈರನ್ನು ನಿಜವಾಗಿ ಎಷ್ಟು ನೋಡುತ್ತಾರೆ? ದುಡ್ಡು ಕೊಡುವ ಮೊದಲು ನಾನು ಏನೇನು ನೋಡಬೇಕು?

ಟ್ರೆಡ್‌ಗೇಜ್

ಎಫ್‌ಸಿ ಅಂದರೆ ಆ ದಿನ, ಆ ಹೊತ್ತಿಗೆ, ಆ ಗಾಡಿಯ ಮೇಲಿದ್ದ ಸಾಮಾನು ನಿಯಮಕ್ಕೆ ಸರಿಯಿತ್ತು ಎನ್ನುವ ಕಾಗದ, ಅಷ್ಟೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದು ಒಂದು ವರ್ಷಕ್ಕೆ ಸಿಗುತ್ತದೆ, ಅದಕ್ಕಿಂತ ಹೊಸದಾದರೆ ಎರಡು ವರ್ಷಕ್ಕೆ. ನಿಮ್ಮಂತೆ ಘಾಟ್‌ನಲ್ಲಿ ಓಡುವ ಗಾಡಿಯ ಟೈರು ಒಂದು ವರ್ಷದಲ್ಲಿ ಎಷ್ಟು ಸವೆಯುತ್ತದೆ ಎಂದು ನಿಮಗೇ ಗೊತ್ತು. ಎಫ್‌ಸಿ ದಿನ 2 ಮಿ.ಮೀ. ಬಟನ್ ಇದ್ದ ಟೈರು ಕಾನೂನಿನ ಪ್ರಕಾರ ಪಾಸು. ಮೂರು ತಿಂಗಳಿಗೆ ಅದೇ ಟೈರು ಫೇಲು, ಕಾಗದ ಮಾತ್ರ ಇನ್ನೂ ಜೀವಂತ.

ಕೇಂದ್ರ ಮೋಟಾರು ವಾಹನ ನಿಯಮ 1989ರ 94ನೇ ನಿಯಮ ಟೈರಿನದು. ನಿಮ್ಮ ಗಾಡಿಗೆ ಬಟನ್ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ದಾರ ಅಥವಾ ತಂತಿ ಕಾಣಬಾರದು, ಉಬ್ಬು ಇರಬಾರದು. ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಹನ್ನೆರಡು ವರ್ಷದ ಟೈರಿಗೆ 8 ಮಿ.ಮೀ. ಬಟನ್ ಇದ್ದರೆ ಇನ್‌ಸ್ಪೆಕ್ಟರು ಫೇಲ್ ಮಾಡಲು ಕಾರಣ ಸಿಗುವುದಿಲ್ಲ.

ಈಗ ಯಂತ್ರದಲ್ಲಿ ಟೆಸ್ಟ್ ಮಾಡುವ ಎಟಿಎಸ್ ಕೇಂದ್ರಗಳು ಬಂದಿವೆ, ಅದರ ನಿಯಮ 2021ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಬ್ರೇಕು, ಹೆಡ್‌ಲೈಟು, ಹೊಗೆ, ಸೈಡ್ ಸ್ಲಿಪ್ಪು (ಚಕ್ರ ಪಕ್ಕಕ್ಕೆ ಎಳೆಯುವುದು) ಎಲ್ಲ ಯಂತ್ರವೇ ಅಳೆದು ನಂಬರ್ ಕೊಡುವುದರಿಂದ ಅಷ್ಟರಮಟ್ಟಿಗೆ ಕೈಚಳಕ ಕಡಿಮೆ. ಟೈರಿನ ವಿಷಯದಲ್ಲಿ ಈ ಲಾಭ ಇಲ್ಲ. ಬ್ರೇಕ್ ರೋಲರ್ ನೋಡುವುದು ಎಡ-ಬಲ ಚಕ್ರದ ಹಿಡಿತ ಮತ್ತು ಅವುಗಳ ನಡುವಿನ ವ್ಯತ್ಯಾಸವನ್ನು. ಬೋಳು ಟೈರು ಒಣ ರೋಲರ್ ಮೇಲೆ ಚೆನ್ನಾಗಿಯೇ ಹಿಡಿಯುತ್ತದೆ, ಯಾಕೆಂದರೆ ರಬ್ಬರಿನ ಪೂರ್ತಿ ಮೈ ತಾಗುತ್ತದೆ. ಬಟನ್ ಕೆಲಸ ಇರುವುದು ನೀರನ್ನು ಆಚೆ ತಳ್ಳುವುದಕ್ಕೆ, ಟೆಸ್ಟ್ ಲೇನಿನಲ್ಲಿ ನೀರೇ ಇರುವುದಿಲ್ಲ. ಮೇಲಿಂದ ಗಾಡಿ ಖಾಲಿ, ಓಡುವುದು ನಿಧಾನ, ಟೈರು ತಣ್ಣಗೆ. ಟೈರು ಸಿಡಿಯುವುದು ಲೋಡು, ವೇಗ, ಬಿಸಿ ಮೂರೂ ಕೂಡಿದಾಗ. ಹಾಗಾಗಿ ಕೊನೆಗೆ ಟೈರು ನೋಡಬೇಕಾದ್ದು ಮನುಷ್ಯನ ಕಣ್ಣು. ಹಿಂದಿನ ಒಳಚಕ್ರಕ್ಕೆ ಆ ಕಣ್ಣು ಬಗ್ಗಿತೋ ಇಲ್ಲವೋ ಎಂಬುದನ್ನು ಯಾವ ರಿಪೋರ್ಟೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಎಫ್‌ಸಿ ಇದೆ ಎಂದು ರಸ್ತೆಯಲ್ಲಿ ಬಚಾವಾಗಲು ಆಗುವುದಿಲ್ಲ. ದೋಷ ಇರುವ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ 1,500 ರೂಪಾಯಿ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ದಂಡ 5,000, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ರಿಂಗ್‌ರಿಮ್

ಟ್ರೆಡ್‌ಗೇಜ್ ಹೇಳಿದ್ದು ಸರಿ, ಒಂದು ಬಿಟ್ಟಿದ್ದಾರೆ. ಎಫ್‌ಸಿಗೆ ಅಂತ ಒಳ್ಳೆ ಟೈರ್ ಹಾಕಿ ತೋರಿಸಿ ಬಂದಮೇಲೆ ಬಿಚ್ಚುವುದು ಹೊಸ ವಿದ್ಯೆ ಏನಲ್ಲ. ಆದ್ದರಿಂದ ಮೊದಲು ವೀಲ್ ನಟ್ ನೋಡಿ. ಮಣ್ಣು ಹಿಡಿದ ಬ್ರೇಕ್ ಡ್ರಮ್ಮಿನ ಪಕ್ಕ ನಟ್ ಮಾತ್ರ ಹೊಳೆಯುತ್ತಿದ್ದರೆ ಇತ್ತೀಚೆಗೆ ಬಿಚ್ಚಿದ್ದಾರೆ ಎಂದರ್ಥ. ಪಂಕ್ಚರ್‌ಗೂ ಬಿಚ್ಚಿರಬಹುದು, ಕೇಳಿ ನೋಡಿ.

ಆಮೇಲೆ ಡೇಟು. ಟೈರಿನ ಗೋಡೆ ಮೇಲೆ ಉದ್ದಗೋಲಿನ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ. 0916 ಅಂದರೆ 2016ರ ಒಂಬತ್ತನೇ ವಾರ. ಹೊರಗಡೆ ಸಿಗದಿದ್ದರೆ ಟೈರಿನ ಒಳಮುಖಕ್ಕೆ ಇರುತ್ತೆ, ಟಾರ್ಚ್ ಹಿಡಿದು ಕೆಳಗೆ ಮಲಗಬೇಕು. ಪ್ಯಾಂಟ್ ಕೊಳೆಯಾಗುತ್ತೆ ಅಂತ ಬಿಡಬೇಡಿ.

ಬಟನ್ ಅಳೆಯಲು ಡೆಪ್ತ್ ಗೇಜ್ ತಗೊಳ್ಳಿ, ದೊಡ್ಡ ಖರ್ಚೇನಿಲ್ಲ. ಅಗಲಕ್ಕೆ ಮೂರು ಕಡೆ (ಒಳ ಅಂಚು, ನಡು, ಹೊರ ಅಂಚು), ಸುತ್ತಲೂ ನಾಲ್ಕು ಕಡೆ. ಕಾಲುವೆ ಮಧ್ಯೆ ಸಣ್ಣ ದಿಬ್ಬ ಇರುತ್ತಲ್ಲ, ಸವೆತದ ಗುರುತು, ಅದರ ಮೇಲೆ ಗೇಜ್ ಇಡಬೇಡಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಅತಿ ಕಡಿಮೆ ಬಂದ ಅಳತೆ. ಸರಾಸರಿ ತೆಗೆಯಬೇಡಿ.

ಕಟಿಂಗ್ ಹೊಡೆಸಿದ ಟೈರ್ ಬಗ್ಗೆ ಹುಷಾರು. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ಕಾಲುವೆ ಕೊರೆಯುತ್ತಾರೆ. ದೂರದಿಂದ ಹೊಸ ಬಟನ್ ಹಾಗೇ ಕಾಣುತ್ತೆ. ಗುರುತು ಹಿಡಿಯುವುದು ಸುಲಭ: ಕಾಲುವೆ ತಳ ಅಚ್ಚಿನಲ್ಲಿ ಬಂದಷ್ಟು ನುಣುಪಾಗಿರಲ್ಲ, ಅಂಚು ಚೂಪಾಗಿರುತ್ತೆ, ಮತ್ತು ಸವೆತದ ದಿಬ್ಬಗಳೇ ಮಾಯವಾಗಿರುತ್ತವೆ. ದಿಬ್ಬ ಇಲ್ಲದ ಟೈರು ಅಂದರೆ ಗೇಜಿನ ಲೆಕ್ಕ ಸುಳ್ಳು, ಬಟನ್ ಕೆಳಗಿರುವ ತಂತಿ ಬೆಲ್ಟಿನ ಮೇಲೆ ರಬ್ಬರ್ ಎಷ್ಟು ಉಳಿದಿದೆಯೋ ದೇವರೇ ಬಲ್ಲ.

ಜೋಡಿ ಚಕ್ರಕ್ಕೆ ಬರೋಣ. 407ರಲ್ಲಿ ಅಪಾಯ ಕೂತಿರುವುದು ಅಲ್ಲೇ. ಕಬ್ಬಿಣದ ರಾಡಲ್ಲಿ ಟೈರ್ ಬಡಿದು ಸದ್ದು ಕೇಳಿದರೆ ಪೂರ್ತಿ ಗಾಳಿ ಇಳಿದದ್ದು ಗೊತ್ತಾಗುತ್ತೆ, 20 ಪಿಎಸ್ಐ (ಗಾಳಿ ಒತ್ತಡದ ಅಳತೆ) ಕಡಿಮೆ ಇರುವುದು ಗೊತ್ತಾಗಲ್ಲ. ಒಳಗಿನದ್ದರಲ್ಲಿ ಗಾಳಿ ಕಡಿಮೆಯಾದರೆ ಅದರ ಪಾಲಿನ ಭಾರ ಹೊರಗಿನದ್ದರ ಮೇಲೆ. ಹೊರಗಿನದು ಭಾರಕ್ಕೆ ಬಿಸಿ, ಒಳಗಿನದು ಗೋಡೆ ಮಡಚಿ ಮಡಚಿ ಬಿಸಿ. ಘಾಟ್ ಇಳಿಯುವಾಗ ಡ್ರಮ್ಮಿನ ಕಾವು ರಿಮ್ಮಿಗೆ ಹತ್ತುತ್ತೆ, ಒಳಚಕ್ರಕ್ಕೆ ಗಾಳಿಯಾಟವೂ ಕಡಿಮೆ. ಟ್ಯೂಬ್ ಮತ್ತು ಫ್ಲ್ಯಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಅಂಚಲ್ಲಿ ಕರಗಿ ಅಂಟಿಕೊಳ್ಳುವುದು ಇದರಿಂದಲೇ. ಹೊಸ ಟೈರ್ ಹಾಕಿಸಿ ಹಳೇ ಟ್ಯೂಬ್, ಹಳೇ ಫ್ಲ್ಯಾಪ್ ತುರುಕುವುದು ಉಳಿತಾಯ ಅಲ್ಲ. ಹಿಗ್ಗಿದ ಟ್ಯೂಬ್ ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಒಡೆಯುತ್ತೆ.

ಒಳಚಕ್ರಕ್ಕೆ ವಾಲ್ವ್ ಎಕ್ಸ್‌ಟೆನ್ಶನ್ (ಗಾಳಿ ಬಾಯನ್ನು ಹೊರಗೆ ಕೈಗೆ ಸಿಗುವಂತೆ ತರುವ ನಳಿಕೆ) ಇಲ್ಲದಿದ್ದರೆ ಹಾಕಿಸಿ. ಇಲ್ಲದಿದ್ದರೆ ಯಾರೂ ಗಾಳಿ ಚೆಕ್ ಮಾಡಲ್ಲ, ಇದು ಮನುಷ್ಯ ಸ್ವಭಾವ.

ಪಶ್ಚಿಮ_ಚಕ್ರ

ಮುಂದಿನ ಟೈರಿನ ಬಿರುಕಿನ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ರಬ್ಬರಿನಲ್ಲಿ ಮೇಣದಂಥ ರಕ್ಷಕ ಪದಾರ್ಥ ಬೆರೆಸಿರುತ್ತಾರೆ. ಟೈರು ಓಡುತ್ತಿದ್ದರೆ ಅದು ಮೇಲ್ಮೈಗೆ ಬಂದು ಓಝೋನ್‌ನಿಂದ ಕಾಪಾಡುತ್ತದೆ. ನಿಂತ ಗಾಡಿಯ ಟೈರಿಗೆ, ಮೂಲೆಯಲ್ಲಿ ಬಿದ್ದ ಸ್ಟೆಪ್ನಿಗೆ ಈ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಒಳಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ: ಆಮ್ಲಜನಕ ರಬ್ಬರಿನೊಳಗೆ ಇಳಿದು, ತಂತಿ ಬೆಲ್ಟಿನ ಅಂಚಿನಲ್ಲಿ ರಬ್ಬರಿನ ಹಿಡಿತ ಸಡಿಲವಾಗುತ್ತದೆ. ಅದು ಹೊರಗೆ ಕಾಣುವುದಿಲ್ಲ, ಗೇಜಿಗೂ ಸಿಗುವುದಿಲ್ಲ. ಬಿಸಿಯಾದ ದಿನ ಬಟನ್ ಪಟ್ಟಿಯೇ ಎದ್ದು ಬರುತ್ತದೆ. ಟೈರು ತಯಾರಕರು ಸಾಮಾನ್ಯವಾಗಿ ಹೇಳುವುದು, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ, ಹತ್ತು ವರ್ಷಕ್ಕೆ ಬಟನ್ ಎಷ್ಟೇ ಇರಲಿ ಬದಲಾವಣೆ.

ತಪಾಸಣೆಯಲ್ಲಿ ಪಾಸಾಗುವ ಹಳೇ ಟೈರು ಏನು ಮಾಡುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. 2012ರ ಸೆಪ್ಟೆಂಬರಿನಲ್ಲಿ ಸರ್ರೆಯ ಹೈಂಡ್‌ಹೆಡ್ ಬಳಿ ಎ3 ರಸ್ತೆಯಲ್ಲಿ ಕೋಚ್ ಬಸ್ಸೊಂದರ ಮುಂದಿನ ಟೈರು ಒಡೆದು ಚಾಲಕ ಸೇರಿ ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು, ಬಸ್ಸಿಗಿಂತ ಹಳೆಯದು. ಅಲ್ಲಿನ ಕಾನೂನು ಆಗ ಬಟನ್ ಎಷ್ಟಿದೆ ಎಂದು ಕೇಳುತ್ತಿತ್ತೇ ಹೊರತು ವಯಸ್ಸು ಕೇಳುತ್ತಿರಲಿಲ್ಲ. ಸತ್ತ ಯುವಕನೊಬ್ಬನ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರವರಿ 1ರಿಂದ ಲಾರಿ, ಬಸ್ಸು, ಕೋಚುಗಳ ಮುಂದಿನ ಆಕ್ಸಲ್‌ಗೆ ಹತ್ತು ವರ್ಷ ದಾಟಿದ ಟೈರು ನಿಷೇಧವಾಯಿತು. ನಮ್ಮ 94ನೇ ನಿಯಮ ಇನ್ನೂ ಆ ಹಳೇ ಪ್ರಶ್ನೆಯಲ್ಲೇ ಇದೆ.

ರಿಬಟನ್ ಬಗ್ಗೆ: ಒಳ್ಳೆಯ ಕೇಸಿಂಗ್ (ಬಟನ್ ಕೆಳಗಿನ ಟೈರಿನ ಮೈ) ಆಗಿದ್ದರೆ ಹಿಂದಿನ ಜೋಡಿಗೆ ತೊಂದರೆಯಿಲ್ಲ. ಮುಂದಕ್ಕೆ ಬೇಡ. ಹಿಂದೆ ಒಂದು ಹೋದರೆ ಜೋಡಿ ಇನ್ನೊಂದು ಒಂದಷ್ಟು ಹೊತ್ತು ಎತ್ತಿ ಹಿಡಿಯುತ್ತದೆ, ಮುಂದೆ ಹೋದರೆ ಸ್ಟೀರಿಂಗೇ ಕೈಬಿಡುತ್ತದೆ.

ಲೋಡ್_ಹಾಸನ

ಇವತ್ತು ಗೇಜ್ ಹಿಡಿದು ನೋಡಿ ಬಂದೆ. ಮುಂದೆ ಎಡ 9 ಮಿ.ಮೀ., ಬಲ 9, ಎರಡೂ ಟೈರಿನ ಡೇಟು 0916. ಬಲದ್ದರ ಒಳ ಅಂಚು 7. ಹಿಂದೆ ಎಡ ಹೊರಗಿನದು 7, ಒಳಗಿನದು 2.5. ಬಲ ಎರಡೂ 5ರ ಹತ್ತಿರ, ಅದರಲ್ಲಿ ಹೊರಗಿನದು ರಿಬಟನ್. ಎಡ ಒಳಗಿನದ್ದರಲ್ಲಿ ಗಾಳಿ 50 ಪಿಎಸ್ಐ ಇತ್ತು, ಬೇರೆ ಮೂರರಲ್ಲಿ 88ರಿಂದ 90. ಸ್ಟೆಪ್ನಿ ಪೂರ್ತಿ ಬೋಳು. ಕಿಲೋಮೀಟರ್ 1,70,000 ತೋರಿಸುತ್ತಿದೆ.

ರಿಂಗ್‌ರಿಮ್

ಆ 50 ಇದ್ದ ಟೈರಿಗೆ ಅಲ್ಲೇ ನಿಂತು ಗಾಳಿ ತುಂಬಿಸಿಲ್ಲ ತಾನೆ? ತುಂಬಿಸಬೇಡಿ. 90 ಇರಬೇಕಾದ ಕಡೆ 72ಕ್ಕಿಂತ, ಅಂದರೆ ಶೇ. 80ಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ತಂತಿ ಟೈರನ್ನು ಮೊದಲು ಬಿಚ್ಚಿ ಒಳಗಡೆ ನೋಡಬೇಕು. ಗೋಡೆಯೊಳಗಿನ ತಂತಿ ಬಳಲಿ ತುಂಡಾಗಿದ್ದರೆ, ಗಾಳಿ ಏರುವಾಗ ಗೋಡೆ ಜಿಪ್ ಬಿಚ್ಚಿದ ಹಾಗೆ ಸೀಳಿಕೊಂಡು ಸಿಡಿಯುತ್ತೆ. ಪಂಕ್ಚರ್ ಅಂಗಡಿ ಹುಡುಗರು ಸಾಯುವುದು ಹೀಗೆ, ಇಲ್ಲವೇ ಟೈರನ್ನು ರಿಮ್ಮಿಗೆ ಹಿಡಿದಿಡುವ ಲಾಕ್ ರಿಂಗ್ ಸರಿಯಾಗಿ ಕೂರದೆ ಹಾರಿ. ಗಾಳಿ ಹಾಕುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಬೇಕು, ಉದ್ದ ಹೋಸ್ ಇರಬೇಕು, ಮುಖ ಅದರ ಮುಂದೆ ಇರಬಾರದು.

ಟ್ರೆಡ್‌ಗೇಜ್

ಅಂಕಿ ಕೊಟ್ಟದ್ದು ಒಳ್ಳೆಯದಾಯಿತು, ಈಗ ಊಹೆ ಬೇಕಿಲ್ಲ. ಹಿಂದಿನ ಎಡ ಜೋಡಿಯಲ್ಲಿ 7 ಮತ್ತು 2.5. ವ್ಯತ್ಯಾಸ 4.5, ಅಂದರೆ ವ್ಯಾಸದಲ್ಲಿ 9 ಮಿ.ಮೀ. ಈ ಸೈಜಿನ ಜೋಡಿಗೆ ವ್ಯಾಸದಲ್ಲಿ ಸುಮಾರು 6 ಮಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ದೊಡ್ಡದು ಭಾರ ಹೊರುತ್ತದೆ, ಚಿಕ್ಕದು ಉಜ್ಜಿಕೊಂಡು ಎಳೆಸಿಕೊಳ್ಳುತ್ತದೆ. ಒಳಗಿನ 2.5 ಕಾನೂನಿಗೆ ಪಾಸು, ಶಿರಾಡಿಯ ಮಳೆಗೆ ಅಲ್ಲ. 3 ಮಿ.ಮೀ. ಕೆಳಗೆ ಹೋದ ಮೇಲೆ ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಬೇಕಾಗುವ ದೂರ ಬೇಗ ಬೇಗ ಹೆಚ್ಚುತ್ತದೆ.

ಮುಂದಿನವು: 1,70,000 ಕಿ.ಮೀ. ಓಡಿದ ಗಾಡಿಯಲ್ಲಿ 2016ರ ಟೈರಿಗೆ 9 ಮಿ.ಮೀ. ಬಟನ್ ಉಳಿಯುವುದು ಹೇಗೆ? ಎಲ್ಲೋ ವರ್ಷಗಟ್ಟಲೆ ನಿಂತಿದ್ದ ಟೈರುಗಳು ಇತ್ತೀಚೆಗೆ ಬಂದು ಕೂತಿವೆ. ಎಫ್‌ಸಿಗೇ ಬಂದವೋ ಏನೋ, ಸಾಬೀತು ಮಾಡಲಾಗದು, ಬೇಕಾಗಿಯೂ ಇಲ್ಲ. ಬಿರುಕು ಇದೆ, ವಯಸ್ಸಾಗಿದೆ, ಎರಡನ್ನೂ ಬಿಸಾಡಿ. ಸ್ಟೆಪ್ನಿಗೂ ಇಡಬೇಡಿ.

ಬಲ ಮುಂದಿನದ್ದರ ಒಳ ಅಂಚು ಮಾತ್ರ ಸವೆದಿರುವುದು ಟೈರಿನ ತಪ್ಪಲ್ಲ. 407ರ ಮುಂದಿನ ಆಕ್ಸಲ್ ಒಂದೇ ತೊಲೆ, ಕಾರಿನಂತೆ ಕ್ಯಾಂಬರ್ (ಚಕ್ರದ ಮೇಲೆ-ಕೆಳಗಿನ ವಾಲು) ತಿರುಗಿಸಿ ಸರಿಮಾಡಲು ಬರುವುದಿಲ್ಲ. ಜಾಕ್ ಎತ್ತಿ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್, ಆಗಲೂ ಉಳಿದರೆ ಕಿಂಗ್ ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ. ಇದು ಸರಿಯಾಗದೆ ಹೊಸ ಟೈರ್ ಹಾಕಿದರೆ ಅದೂ ಹೀಗೇ ಸವೆಯುತ್ತದೆ. ಕೊನೆಗೆ ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ತುಸು ಒಳಕ್ಕೆ ತಿರುಗಿರುವ ಅಳತೆ) ಹೊಂದಿಸಿ.

ಪಶ್ಚಿಮ_ಚಕ್ರ

ಆರೂ ಬದಲಿಸಿ ಎಂದು ಅಂಗಡಿಯವರು ಹೇಳಬಹುದು. ಬೇಕಿಲ್ಲ. ಹೊಸ ಎರಡು ಮುಂದಕ್ಕೆ, ಟ್ಯೂಬ್-ಫ್ಲ್ಯಾಪ್ ಸಮೇತ. ಹಿಂದೆ ಎಡಕ್ಕೆ ಹೊರಗಿನ 7 ಮಿ.ಮೀ. ಟೈರಿಗೆ ಹೊಂದುವ ಇನ್ನೊಂದು. ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಉಳಿದರೆ ದೊಡ್ಡದು ಹೊರಗೆ ಬರಲಿ. ಬಲ ಜೋಡಿ ಹಾಗೇ ಇರಲಿ, ಆದರೆ ರಿಬಟನ್ ಪಟ್ಟಿಯ ಅಂಚು ಎಲ್ಲಾದರೂ ಏಳುತ್ತಿದೆಯೇ ಎಂದು ಉಗುರು ಹಾಕಿ ನೋಡಿ. ಓಡಿಸಬಲ್ಲ ಒಂದು ಸ್ಟೆಪ್ನಿ. ಒಟ್ಟು ನಾಲ್ಕು ಟೈರಿನ ಖರ್ಚನ್ನು ಗಾಡಿ ರೇಟಿನಲ್ಲಿ ಮುರಿದುಕೊಳ್ಳಿ.

ಕೊಳ್ಳುವಾಗ ಗೋಡೆ ಮೇಲಿನ ಲೋಡ್ ನಂಬರೂ ನೋಡಿ. 122/118 ಎಂದಿದ್ದರೆ ಒಂಟಿಯಾಗಿ 1,500 ಕೆ.ಜಿ., ಜೋಡಿಯಲ್ಲಿ ಒಂದೊಂದಕ್ಕೆ 1,320 ಕೆ.ಜಿ. ಹಳೆಯದಕ್ಕಿಂತ ಕಡಿಮೆ ನಂಬರಿನದು ಅಗ್ಗಕ್ಕೆ ಸಿಕ್ಕರೂ ಬೇಡ.

ಲೋಡ್_ಹಾಸನ

ಗಾಳಿ ತುಂಬಿಸಿಲ್ಲ ಸರ್, ಹಾಗೇ ಬಿಟ್ಟು ಬಂದೆ. ಅಳತೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ಕೊಟ್ಟಿದ್ದೇನೆ. ನಾಲ್ಕು ಟೈರಿನ ದುಡ್ಡು ಕಳೆದು ರೇಟ್ ಹೇಳಿ ಎಂದಿದ್ದೇನೆ, ಕಿಂಗ್ ಪಿನ್ ನೋಡಲು ಶನಿವಾರ ಮೆಕ್ಯಾನಿಕ್ ಜೊತೆ ಹೋಗುತ್ತೇನೆ.